ಡಬ್ಬಿಯ ಕೊನೆಯ ಚಕ್ಕುಲಿ

25 ಸೆಪ್ಟೆಂಬರ್ 2025, ಗುರುವಾರ

ಅರವತ್ತಾರನೆಯ ವಯಸ್ಸಿನಲ್ಲಿ ಕೊರಳಿಗೆ ವಿದ್ಯಾರ್ಥಿಯ ಗುರುತಿನ ಚೀಟಿ ಬಿದ್ದಿದೆ. ಫೋಟೋದಲ್ಲಿ ಯಾರ ಮೇಲೋ ದೂರು ಕೊಡಲು ಬಂದವಳ ಹಾಗೆ ಕಾಣುತ್ತೇನೆ. ನಮ್ಮ ಮನೆಯವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಅಗದೀ ನಿನ್ನಂಗ ಬಂದದ, ವೇಣಿ" ಅಂದರು. ಧಾರವಾಡ ಬಿಟ್ಟು ಈ ದೇಶಕ್ಕೆ ಬಂದು, ಇಲ್ಲಿನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ರೋಗಿಗಳಿಗೆ ಅರಿವಳಿಕೆ ಕೊಟ್ಟು ನಿವೃತ್ತರಾದ ಡಾ. ಆನಂದತೀರ್ಥರಿಗೆ ಇದಕ್ಕಿಂತ ಹೆಚ್ಚು ಮಾತಾಡಿ ಅಭ್ಯಾಸವಿಲ್ಲ.

ಇಲ್ಲಿನ ನಗರಸಭೆಯ, ಅಂದರೆ ಕೌನ್ಸಿಲ್ಲಿನ, ಲೈಬ್ರರಿಯಲ್ಲಿ ಇಷ್ಟು ವರ್ಷ ಬೇರೆಯವರಿಗೆ ಚರಿತ್ರೆಯ ಪುಸ್ತಕ ತೆಗೆದುಕೊಟ್ಟೆ. ಈಗ ನಾನೇ ಎಂ.ಎ. ಚರಿತ್ರೆ, ಎರಡು ವರ್ಷದ ಪಾರ್ಟ್‌ಟೈಮ್. 1991ರಲ್ಲೇ ಸೇರಬಹುದಿತ್ತು. ಆಗ ಇವರು ಪೇಪರಿನ ಹಿಂದಿನಿಂದ "ಮುಂದ ಓದ್ತೀ ಏನು?" ಅಂತ ಕೇಳಿದರು. "ಈಗ್ಯಾಕ ಬಿಡ್ರಿ" ಅಂದೆ. ಪೇಪರು ಮತ್ತೆ ಮುಖದ ಮೇಲೇರಿತು. ಇನ್ನೊಂದು ಸಲ ಕೇಳಿದ್ದರೆ ಗಂಟೇನು ಹೋಗುತ್ತಿತ್ತು?

ಇವತ್ತು ವಿದ್ಯಾರ್ಥಿ ಸಂಘಗಳ ಮೇಳ. ಚೀಸ್ ತಿನ್ನುವವರಿಗೊಂದು ಸಂಘ, ಮರ ಹತ್ತುವವರಿಗೊಂದು, ಬೆಳಗ್ಗೆ ಬೇಗ ಏಳಲಾಗದವರಿಗೊಂದು. ಮಧ್ಯದಲ್ಲಿ ಎಲ್ಲರಿಗಿಂತ ದೊಡ್ಡ ಮೇಜು ಹಾಕಿಕೊಂಡು, ಒಂದೇ ಬಣ್ಣದ ಜಾಕೆಟ್ ತೊಟ್ಟ ಹುಡುಗರು ನಿಂತಿದ್ದರು. ಮೇಲೆ ಚಿನ್ನದ ಬಣ್ಣದ ಮೂರು ಗ್ರೀಕ್ ಅಕ್ಷರ. ಅಮೆರಿಕದ ಕಾಲೇಜುಗಳಲ್ಲಿರುವಂಥ ಸಹೋದರ ಸಂಘವನ್ನು ಇವರು ಇಲ್ಲಿ ಕಟ್ಟಿದ್ದಾರಂತೆ. ನಡುವಿನದು ಯಾವ ಅಕ್ಷರ ಅಂತ ಕೇಳಿದೆ. ಮುಖಂಡ ಫ್ರೆಡ್ಡಿ ತಿರುಗಿ ಬ್ಯಾನರ್ ನೋಡಿದ, ಪಕ್ಕದವನನ್ನು ನೋಡಿದ, ಆಮೇಲೆ ನನಗೊಂದು ಪೆನ್ನು ಕೊಟ್ಟ. ತಮ್ಮ ಹೆಸರನ್ನೇ ಓದಲು ಬಾರದವರ ಸಂಘ. ಪೆನ್ನು ಮಾತ್ರ ಚೆನ್ನಾಗಿ ಬರೆಯುತ್ತಿದೆ, ಈ ದಿನಚರಿ ಅದರಲ್ಲೇ.

ಮೂಲೆಯಲ್ಲಿ, ಬೆಂಕಿ ಆರಿಸುವ ಸಿಲಿಂಡರಿನ ಪಕ್ಕ, ಕನ್ನಡ ಸಂಘ. ಅಧ್ಯಕ್ಷೆ ಶರಣ್ಯಾ, ಇಲ್ಲೇ ಸಟನ್ನಿನಲ್ಲಿ ಬೆಳೆದ ಹುಡುಗಿ, ಅಪ್ಪ ಅಮ್ಮ ಮೈಸೂರಿನ ಡಾಕ್ಟರುಗಳು. ನಾನು ಯಾರದೋ ತಾಯಿ ಅಂದುಕೊಂಡಿದ್ದಳು. ಕೊರಳ ಚೀಟಿ ತೋರಿಸಿದ ಮೇಲೆ ನಗುತ್ತ ಫ್ಲಾಸ್ಕ್ ತೆಗೆದಳು.

"ಆಂಟಿ, ಟೀ ಕೊಡ್ಲಾ? ಅಮ್ಮ ಮಾಡಿದ್ದು."

"ಬ್ಯಾಡಮ್ಮ, ಇರಲಿ" ಅಂದೆ.

ಅವಳು ಮುಚ್ಚಳ ಹಾಕಿ ಫ್ಲಾಸ್ಕನ್ನು ಮೇಜಿನ ಕೆಳಗಿಟ್ಟಳು. ಪಿನ್ನರಿನ ಮನೆಯಿಂದ ಟ್ಯೂಬ್ ರೈಲಿನಲ್ಲಿ ನಿಂತುಕೊಂಡೇ ಬಂದವಳು ನಾನು, ಗಂಟಲು ಒಣಗಿತ್ತು. ಮಕ್ಕಳಿಗೆ ಮನೆಯಲ್ಲಿ ಏನೂ ಹೇಳಿಕೊಡುವುದಿಲ್ಲ.

16 ಅಕ್ಟೋಬರ್, ಗುರುವಾರ

ಗುರುವಾರ ಸಂಜೆ ಕನ್ನಡ ಸಂಘಕ್ಕೆ ವಿದ್ಯಾರ್ಥಿ ಯೂನಿಯನ್ ಕಟ್ಟಡದ ಎರಡನೆಯ ಮಹಡಿಯಲ್ಲಿ ಒಂದು ರೂಮು. ಕಿಟಕಿಯಿಂದ ಪ್ಲೇನ್ ಅನ್ನುವ ಇಲ್ಲಿನ ದೊಡ್ಡ ಮರದ ತುದಿ ಕಾಣುತ್ತದೆ. ಒಳಗೆ ಬಂದವರು ಹೊರಗೆ ಹೋಗುವ ತನಕ ಕನ್ನಡದಲ್ಲೇ ಮಾತಾಡಬೇಕು ಅನ್ನುವುದು ಶರಣ್ಯಾಳ ನಿಯಮ. ಪಾಲಿಸುವವರು ಕಡಿಮೆ. ಮೊದಲ ವರ್ಷದ ಪ್ರಾಚಿಗೆ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳ ಬಾಯಿಂದ ಕನ್ನಡದ ಒಂದು ಪೂರ್ತಿ ವಾಕ್ಯ ನಾನಿನ್ನೂ ಕೇಳಿಲ್ಲ. ಅದಕ್ಕೆ ವಿರುದ್ಧ ಗ್ರೀನ್‌ಫರ್ಡಿನ ಅನಿಕೇತ. ಅವನ ತಾಯಿ ಬಸಲಿಂಗವ್ವ ವಿಜಯಪುರದವರು, ಮಗನ ನಾಲಿಗೆಯನ್ನು ಹಾಗೇ ಉಳಿಸಿದ್ದಾರೆ. "ಅಮ್ಮಾರ, ನಿಮ್ಮ ಧಾರವಾಡದ ಮಾತು ಭಾಳ ಮೆತ್ತಗ ಬಿಡ್ರಿ, ನಮ್ಮವ್ವ ಮಾತಾಡಿದ್ರ ಬಾಜೂ ಮನಿಯವ್ರು ಗದ್ದಲ ಅಂತ ಕೌನ್ಸಿಲ್‌ಗೆ ಫೋನ್ ಮಾಡ್ತಾರ" ಅಂದ.

ಮನೆಯಾಚೆ ಈ ಮಾತು ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಗುರುವಾರ ಬರಲಿ ಅಂತ ಕಾಯುತ್ತೇನೆ. ಇದನ್ನು ಇಲ್ಲಿ ಬಿಟ್ಟು ಬೇರೆಲ್ಲೂ ಹೇಳುವುದಿಲ್ಲ.

ಬಸಲಿಂಗವ್ವ ಪ್ರತಿ ವಾರ ಒಂದು ಸ್ಟೀಲ್ ಡಬ್ಬಿ ತುಂಬ ಚಕ್ಕುಲಿ ಕಳಿಸುತ್ತಾರೆ. ಗಮನಿಸಿದ್ದೇನೆ, ಎಲ್ಲ ಖಾಲಿಯಾಗಿ ಒಂದು ಉಳಿಯುತ್ತದೆ. "ನೀವು ತಗೊಳ್ಳಿ." "ಛೇ, ನೀವು." ಡಬ್ಬಿ ಕೈಯಿಂದ ಕೈಗೆ ಸುತ್ತಿ ಮೇಜಿಗೆ ವಾಪಸು ಬರುತ್ತದೆ. ಆ ಒಂದು ಚಕ್ಕುಲಿ ಪ್ರತಿ ವಾರ ಟ್ಯೂಬ್ ಹತ್ತಿ ಗ್ರೀನ್‌ಫರ್ಡಿಗೆ ಹಿಂದಿರುಗುತ್ತದೆ. ಕನ್ನಡ ಮರೆತರೂ ಇದನ್ನು ಮರೆತಿಲ್ಲ ಅಂತ ಸಂತೋಷವಾಯಿತು.

ಫ್ರೆಡ್ಡಿಯ ಗುಂಪು ಹೊರಗಿನಿಂದ ಬಾಗಿಲ ಗಾಜಿನಲ್ಲಿ ಇಣುಕುತ್ತಿತ್ತು. ಅವರಿಗೆ ರೂಮಿಲ್ಲ, ಪಬ್ಬಿನಲ್ಲಿ ಸೇರುತ್ತಾರೆ.

4 ಡಿಸೆಂಬರ್, ಗುರುವಾರ

ಪ್ರಬಂಧಕ್ಕೆ ಒಳ್ಳೆಯ ಅಂಕ ಬಂತು. ಮೇಷ್ಟ್ರು ಪಕ್ಕದಲ್ಲಿ "ಸಿಟ್ಟು ಸ್ವಲ್ಪ ಕಡಿಮೆಯಿರಲಿ" ಅಂತ ಬರೆದಿದ್ದಾರೆ. ಒಂದು ಕಾಲಕ್ಕೆ ಹೆಂಗಸರನ್ನು ಒಳಗೇ ಬಿಡದಿದ್ದ ಕಾಲೇಜುಗಳ ಬಗ್ಗೆ ಸಿಟ್ಟಿಲ್ಲದೆ ಬರೆಯುವುದು ಹೇಗೆ ಅಂತ ಅವರೇ ತೋರಿಸಲಿ.

5 ಫೆಬ್ರವರಿ 2026, ಗುರುವಾರ

ಶರಣ್ಯಾಳ ಓದು ಬೇಸಿಗೆಗೆ ಮುಗಿಯುತ್ತದೆ. ಹೊಸ ಅಧ್ಯಕ್ಷರು ಬೇಕು. ಅದಕ್ಕೆ ವಿದ್ಯಾರ್ಥಿ ಯೂನಿಯನ್ನಿನ ಪದ್ಧತಿ ಕೇಳಿ ನನಗೆ ಮೈ ಉರಿಯಿತು. ಯಾರೂ ಯಾರ ಹೆಸರನ್ನೂ ಸೂಚಿಸುವ ಹಾಗಿಲ್ಲ. ಆಗಬೇಕೆಂದವರು ತಮ್ಮ ಹೆಸರನ್ನು ತಾವೇ ವೆಬ್‌ಸೈಟಿನಲ್ಲಿ ಹಾಕಿ, ತಾವೇಕೆ ಯೋಗ್ಯರು ಅಂತ ತಾವೇ ಬರೆಯಬೇಕು. ಇದು ಚುನಾವಣೆಯೋ ಸೋಪಿನ ಜಾಹೀರಾತೋ? ನಮ್ಮಲ್ಲಿ ಮರ್ಯಾದಸ್ಥರು ಯಾರಾದರೂ "ನಾನೇ ಅಧ್ಯಕ್ಷ" ಅಂತ ಎದ್ದು ನಿಂತದ್ದುಂಟೇ? ನಾಲ್ಕು ಜನ ಮನೆಗೆ ಬರಬೇಕು, ಒತ್ತಾಯ ಮಾಡಬೇಕು, ಇವರು ಒಲ್ಲೆ ಅನ್ನಬೇಕು, ಅವರು ಬಿಡಬಾರದು.

ನಾನು ಇನ್ನೊಂದು ವರ್ಷ ಇಲ್ಲಿರುವವಳು. ಲೆಕ್ಕ ಹಾಕಿದರೆ ಹುಡುಗರು ನನ್ನ ಹತ್ತಿರವೇ ಬರಬಹುದು. ಬಂದರೆ ಏನು ಹೇಳಬೇಕು ಅಂತ ಯೋಚಿಸಿಟ್ಟಿದ್ದೇನೆ. ಮೊದಲು ವಯಸ್ಸಿನ ಮಾತು. ಆಮೇಲೆ ಮೊಣಕಾಲಿನ ಮಾತು. ಮೂರನೆಯ ಸಲಕ್ಕೆ ನೋಡೋಣ.

22 ಫೆಬ್ರವರಿ, ಭಾನುವಾರ

ಯಾರೂ ಕೇಳಿಲ್ಲ. ಫೋನು ಸರಿಯಾಗಿದೆ, ನೋಡಿದೆ.

28 ಫೆಬ್ರವರಿ, ಶನಿವಾರ

ಹೆಸರು ಹಾಕುವ ಗಡುವು ನಿನ್ನೆ ಮಧ್ಯಾಹ್ನ ಮುಗಿಯಿತು. ಬೆಳಗ್ಗೆ ಶರಣ್ಯಾ ಅಳುದನಿಯಲ್ಲಿ ಫೋನ್ ಮಾಡಿದಳು. ನಮ್ಮ ಸಂಘದಿಂದ ಒಂದು ಹೆಸರೂ ಹೋಗಿಲ್ಲ. ಅನಿಕೇತನಿಗೆ ಆಸೆಯಿತ್ತಂತೆ. ಆದರೆ ಬಸಲಿಂಗವ್ವ, ತಾನಾಗಿ ಮುಂದೆ ಬಿದ್ದರೆ ಜನ ಏನಂದಾರು, ಕರೆದರೆ ಹೋಗು ಅಂದಿದ್ದರು. ಅವನು ಕರೆಯಲಿ ಅಂತ ಕಾದ. ಪ್ರಾಚಿ ಅನಿಕೇತ ಹಾಕುತ್ತಾನೆ ಅಂತ ಸುಮ್ಮನಿದ್ದಳು. ಶರಣ್ಯಾ, ಒಬ್ಬರನ್ನು ಕೇಳಿದರೆ ಇನ್ನೊಬ್ಬರಿಗೆ ಬೇಸರ ಅಂತ ಯಾರನ್ನೂ ಕೇಳಲಿಲ್ಲ.

ನಿಯಮದ ಪ್ರಕಾರ ಅಧ್ಯಕ್ಷರಿಲ್ಲದ ಸಂಘವನ್ನು ಮುಚ್ಚುತ್ತಾರೆ. ಬೇಕಿದ್ದವರು ದೊಡ್ಡ ದಕ್ಷಿಣ ಏಷ್ಯಾ ಸಂಘಕ್ಕೆ ಸೇರಿಕೊಳ್ಳಬಹುದು. ಗುರುವಾರದ ರೂಮು ಫ್ರೆಡ್ಡಿಯ ಗ್ರೀಕ್ ಅಕ್ಷರದವರಿಗೆ ಹೋಗುತ್ತದೆ. ಅವರ ಕಡೆ ಪ್ರತಿ ಸ್ಥಾನಕ್ಕೂ ಮೂರು ಮೂರು ಜನ ನಿಂತಿದ್ದಾರಂತೆ.

ನನಗೆ ಇದೇನೂ ಹೊಸದಲ್ಲ. 1989, ಸಟನ್ನಿನ ಚರ್ಚ್ ಹಾಲ್, ಇಲ್ಲಿನ ಕನ್ನಡ ಕುಟುಂಬಗಳ ಕೂಟದ ದೀಪಾವಳಿ. ನಾಟಕ ಬರೆದವಳು ನಾನು, ಆಡಿಸಿದವಳು ನಾನು, ಪರದೆಗೆ ನನ್ನ ಎರಡು ಸೀರೆ ಹೋಗಿತ್ತು. ಕೂಟದ ಅಧ್ಯಕ್ಷ ಮಧುಸೂದನ್ ಬಂದು, "ಕೃಷ್ಣವೇಣಿಯವರೇ, ಕಾರ್ಯದರ್ಶಿ ಆಗ್ತೀರಾ?" ಅಂದ. "ಅಯ್ಯ, ನನಗ್ಯಾಕ್ರಿ" ಅಂದೆ. ಅವನು ಅಲ್ಲೇ ಹಿಂದೆ ತಿರುಗಿ, ಕೂಟದ ಇನ್ನೊಬ್ಬಳು ನೀರಜಾಳನ್ನು ಕೇಳಿದ. ಅವಳು ಎರಡು ಸಲ ಬೇಡ ಅಂದಳು, ಮೂರನೆಯ ಸಲ ಒಪ್ಪಿದಳು. ಅವಳನ್ನು ಮೂರು ಸಲ ಕೇಳಲು ಸಮಯವಿತ್ತು, ನನ್ನನ್ನು ಎರಡು ಸಲ ಕೇಳಲು ಇರಲಿಲ್ಲ. ನೀರಜಾ ಅಲ್ಲಿಂದ ಹನ್ನೆರಡು ವರ್ಷ ಕಾರ್ಯದರ್ಶಿ.

ಇದನ್ನು ಇವರಿಗೆ ಮತ್ತೆ ನೆನಪಿಸಿದೆ. "ನೀ ಬ್ಯಾಡ ಅಂದಿದ್ದೆಲ್ಲ" ಅಂದರು. ಧಾರವಾಡದಲ್ಲಿ ಹುಟ್ಟಿ ಬೆಳೆದವರು ಆಡುವ ಮಾತೇ ಇದು?

3 ಮಾರ್ಚ್, ಮಂಗಳವಾರ

ಸಂಘಗಳನ್ನು ನೋಡಿಕೊಳ್ಳುವ ಯೂನಿಯನ್ ಅಧಿಕಾರಿ ಹ್ಯಾರಿಯೆಟ್‌ಳನ್ನು ಕಂಡೆ. ಇಪ್ಪತ್ತೊಂದರ ಹುಡುಗಿ, ಬಹಳ ವಿನಯ. ಕೂತ ಕೂಡಲೇ ಟೀ ಬೇಕೇ ಅಂದಳು, ಬೇಡ ಅಂದೆ, ಸರಿ ಅಂದಳು. ಹದಿನೇಳಕ್ಕೆ ಎಲ್ಲ ಸಂಘಗಳ ಪ್ರತಿನಿಧಿಗಳ ಸಭೆಯಿದೆ, ಅಲ್ಲಿ ನಿಮ್ಮ ಮಾತು ಹೇಳಿ, ಸಭೆ ಮತ ಹಾಕಿ ತೀರ್ಮಾನಿಸುತ್ತದೆ ಅಂದಳು. ಹೇಳುತ್ತೇನೆ. ಈ ನಿಯಮವನ್ನೇ ಬುಡಸಹಿತ ಕಿತ್ತುಹಾಕುವ ಹಾಗೆ ಹೇಳುತ್ತೇನೆ.

8 ಮಾರ್ಚ್, ಭಾನುವಾರ

ಹುಡುಗರನ್ನು ಮನೆಗೆ ಕರೆದಿದ್ದೆ. ಸಭೆಗೆ ಮೊದಲು ಒಂದು ಹೆಸರು ನಮ್ಮೊಳಗೆ ಗಟ್ಟಿಯಾಗಲಿ ಅಂತ. ಅವಲಕ್ಕಿ ಮುಗಿಯಿತು, ಚಕ್ಕುಲಿ ಒಂದು ಉಳಿಯಿತು, ಹೆಸರು ಮಾತ್ರ ಗಟ್ಟಿಯಾಗಲಿಲ್ಲ.

"ಅನಿಕೇತ್, ನೀನೇ ಆಗೋ" ಅಂದಳು ಶರಣ್ಯಾ.

"ನಾ ಏನ್ ಆಗ್ಲಿ, ಪ್ರಾಚಿ ಅದಾಳಲ್ಲ."

"ನೋ ನೋ, ಅನಿಕೇತ್ ವುಡ್ ಬಿ ಬೆಟರ್" ಅಂದಳು ಪ್ರಾಚಿ.

ಆಗ ಶರಣ್ಯಾ ನನ್ನ ಕಡೆ ತಿರುಗಿ, "ಆಂಟಿ ಇರೋವಾಗ ನಾವ್ಯಾಕೆ ತಲೆ ಕೆಡಿಸ್ಕೋಬೇಕು? ಆಂಟಿ, ನೀವೇ ಆಗಿ" ಅಂದಳು.

"ಅಯ್ಯ, ನನಗ್ಯಾಕವಾ, ವಯಸ್ಸಾತು" ಅಂದೆ.

"ಓಕೆ ಆಂಟಿ" ಅಂದಳು.

ಓಕೆ ಆಂಟಿ ಅಂತೆ. ಮೊಣಕಾಲಿನ ಮಾತಿಗೆ ಅವಕಾಶವೇ ಬರಲಿಲ್ಲ.

ಅವರು ಹೋದ ಮೇಲೆ ಇವರು ತಟ್ಟೆ ಎತ್ತುತ್ತ, "ನಿನಗ ಬೇಕಿತ್ತೇನು?" ಅಂದರು. "ಛೇ" ಅಂದೆ. ಆಪರೇಷನ್ ಟೇಬಲ್ ಮೇಲಿನ ರೋಗಿಯನ್ನು ನೋಡುವ ಹಾಗೆ, ಅರಿವಳಿಕೆ ಪೂರ್ತಿ ಹತ್ತಿದೆಯೋ ಇಲ್ಲವೋ ಅಂತ ಪರೀಕ್ಷಿಸುವ ಹಾಗೆ, ಒಂದು ಕ್ಷಣ ನೋಡಿ ಒಳಗೆ ಹೋದರು.

ಭಾಷಣ ಬರೆದೆ. ಎರಡು ಪುಟ. ಮೊದಲ ಪುಟದಲ್ಲಿ ನಮ್ಮ ಪದ್ಧತಿ, ಎರಡನೆಯದರಲ್ಲಿ ಅವರ ನಿಯಮದ ತಪ್ಪು.

17 ಮಾರ್ಚ್, ಮಂಗಳವಾರ

ಇವತ್ತು ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಸಭೆ ಕೆಳಗಿನ ದೊಡ್ಡ ಹಾಲಿನಲ್ಲಿ. ಎಲ್ಲ ಸಂಘದವರೂ ಇದ್ದರು, ಮರ ಹತ್ತುವವರು ಕೂಡ. ಹ್ಯಾರಿಯೆಟ್ ಅಧ್ಯಕ್ಷತೆ. ನಾನು, ಶರಣ್ಯಾ, ಅನಿಕೇತ, ಪ್ರಾಚಿ ಒಂದೇ ಸಾಲಿನಲ್ಲಿ ಕೂತೆವು.

ಮೊದಲು ಫ್ರೆಡ್ಡಿ ಮಾತಾಡಿದ. ಗಡುವು ಎಲ್ಲರಿಗೂ ಒಂದೇ, ನಾವು ಪಾಲಿಸಿದ್ದೇವೆ, ವರ್ಷವಿಡೀ ಪಬ್ಬಿನ ಗದ್ದಲದಲ್ಲಿ ಸೇರಿದ್ದೇವೆ, ರೂಮು ನಮಗೆ ಬರಬೇಕು ಅಂದ. ಹುಡುಗ ಕೆಟ್ಟವನಲ್ಲ. ಮಾತಿನಲ್ಲಿ ನ್ಯಾಯವೂ ಇತ್ತು. ಅದು ಇನ್ನಷ್ಟು ಸಿಟ್ಟು ತರಿಸಿತು.

ನಾನು ಮೊದಲ ಪುಟ ಓದಿದೆ. ನಮ್ಮ ಮನೆಗಳಲ್ಲಿ ಅತಿಥಿ ಮೊದಲ ಸಲ ಬೇಡ ಅನ್ನುತ್ತಾನೆ. ಅದು ಉತ್ತರವಲ್ಲ, ಸಂಭಾಷಣೆಯ ಆರಂಭ ಅಂತ ಮನೆಯವರಿಗೆ ಗೊತ್ತು. ಗೌರವದ ಜಾಗವನ್ನು ಬೇರೆಯವರು ಕೊಡಬೇಕು, ತಾನೇ ಕೈಚಾಚಿದವನನ್ನು ಜನ ಅನುಮಾನದಿಂದ ನೋಡುತ್ತಾರೆ. ಈ ಮಕ್ಕಳಿಗೆ ಆಸಕ್ತಿಯಿಲ್ಲ ಅಂತ ನೀವು ತಿಳಿದಿದ್ದೀರಿ. ಇವರು ಮರ್ಯಾದೆಯಿಂದ ಕಾಯುತ್ತಿದ್ದರು. ಯಾವುದಕ್ಕೆ ಅವರ ತಾಯಂದಿರು ಬೈಯುತ್ತಿದ್ದರೋ ಅದನ್ನೇ ವೆಬ್‌ಸೈಟಿನಲ್ಲಿ ಮಾಡಿ ಅಂತ ನೀವು ಹೇಳಿದ್ದೀರಿ.

ಇರಾನಿ ಸಂಘದ ಹುಡುಗಿ ಕೈಯೆತ್ತಿ, ನಮ್ಮ ಮನೆಯಲ್ಲೂ ಹೀಗೇ, ಮೂರು ಸಲ ಕೇಳದೆ ಯಾರೂ ಏನೂ ತಗೊಳ್ಳುವುದಿಲ್ಲ ಅಂದಳು. ಐರಿಶ್ ಸಂಘದವನು ತನ್ನ ಅಜ್ಜಿ ಟೀ ವಿಷಯದಲ್ಲಿ ಥೇಟ್ ಇದೇ ಅಂತ ಹೇಳಿ ನಗಿಸಿದ. ಹಾಲಿನ ಅರ್ಧ ತಲೆಗಳು ಅಲ್ಲಾಡುತ್ತಿದ್ದವು. ನನಗೆ ಹುರುಪು ಬಂತು.

ಫ್ರೆಡ್ಡಿ, ಇದೆಲ್ಲ ಕೇಳಲು ಚೆನ್ನಾಗಿದೆ, ಆದರೆ ನಮ್ಮಲ್ಲಿ ಹಾಗಿಲ್ಲ ಅಂದ. ನಿಮ್ಮ ಸಂಘಕ್ಕೆ ಸೇರುವುದು ಹೇಗಪ್ಪ ಅಂತ ಕೇಳಿದೆ. ಹಿರಿಯ ಸದಸ್ಯರು ಆರಿಸಿ ಆಹ್ವಾನ ಕೊಡುತ್ತಾರೆ ಅಂದ. ಒಬ್ಬ ಹುಡುಗ ತಾನಾಗಿ ಬಂದು ನನ್ನನ್ನು ಸೇರಿಸಿಕೊಳ್ಳಿ ಅಂದರೆ? ಇಲ್ಲ, ಅದು ನಡೆಯುವುದಿಲ್ಲ, ಕರೆಯುವ ತನಕ ಕಾಯಬೇಕು ಅಂದ. ಅಂದ ಮೇಲೆ ತನ್ನ ಮಾತು ಅವನಿಗೇ ಕೇಳಿಸಿತು. ಇಡೀ ಸಭೆ ನಕ್ಕಿತು. ಅವನ ಕಿವಿ ಕೆಂಪಾಯಿತು, ಆಮೇಲೆ ಅವನೂ ನಕ್ಕ.

ಗೆದ್ದೆ ಅಂದುಕೊಂಡು ಎರಡನೆಯ ಪುಟ ತಿರುವಿದೆ. ಅಷ್ಟರಲ್ಲಿ ಹ್ಯಾರಿಯೆಟ್ ನನ್ನನ್ನು ತಡೆದಳು. ನಿಯಮ ಬದಲಿಸುವ ಚರ್ಚೆ ಮುಂದಿನ ವರ್ಷ ಬೇಕಾದರೆ ಆಗಲಿ, ನಾನೇ ಬೆಂಬಲಿಸುತ್ತೇನೆ ಅಂದಳು. ಇವತ್ತು ಸಭೆಗೆ ಸಾಧ್ಯವಿರುವುದು ಒಂದೇ, ತಡವಾಗಿ ಬಂದ ಹೆಸರನ್ನು ಒಪ್ಪಿಕೊಳ್ಳುವುದು. ಹೆಸರು ಬೇಕಲ್ಲ? ಕನ್ನಡ ಸಂಘದ ಅಧ್ಯಕ್ಷರಾಗಲು ಬಯಸುವವರು ಇಲ್ಲಿ ಯಾರಾದರೂ ಇದ್ದಾರೆಯೇ?

ಒಂದು ಸಲ ಕೇಳಿದಳು.

ನಾನು ಶರಣ್ಯಾಳನ್ನು ನೋಡಿದೆ, ಶರಣ್ಯಾ ಅನಿಕೇತನನ್ನು ನೋಡಿದಳು, ಅನಿಕೇತ ಪ್ರಾಚಿಯನ್ನು, ಪ್ರಾಚಿ ನೆಲವನ್ನು. ಹ್ಯಾರಿಯೆಟ್ ಕಾದಳು. ಅವಳು ಇನ್ನೊಮ್ಮೆ ಕೇಳುವುದಿಲ್ಲ ಅಂತ ನನಗೆ ಗೊತ್ತಾಯಿತು. ಅದು ಒರಟುತನವಲ್ಲ. ನಮ್ಮ ಮೌನವೇ ನಮ್ಮ ಉತ್ತರ ಅಂತ ಅವಳು ನಂಬಿದ್ದಳು, ಅದಕ್ಕೆ ಗೌರವ ಕೊಟ್ಟು ಪೆನ್ನಿನ ಕಡೆ ಕೈ ನೀಡುತ್ತಿದ್ದಳು. ಗುರುವಾರ, ಕಿಟಕಿ, ಪ್ಲೇನ್ ಮರ, ಅನಿಕೇತನ ನಾಲಿಗೆಯಲ್ಲಿರುವ ವಿಜಯಪುರ, ಎಲ್ಲ ಆ ಪೆನ್ನಿನ ಕೆಳಗಿತ್ತು.

"ಐ ವಾಂಟ್ ಇಟ್" ಅಂದೆ.

ನಿರೀಕ್ಷಿಸಿದ್ದಕ್ಕಿಂತ ಜೋರಾಗಿ ಬಂತು. ಮಕ್ಕಳಿಗೆ ತಿಳಿಯಲಿ ಅಂತ ತಿರುಗಿ, "ನನಗ ಬೇಕು" ಅಂತ ಕನ್ನಡದಲ್ಲೂ ಹೇಳಿದೆ.

ಆಮೇಲೆ ನಡೆದದ್ದು ಕಟ್ಟೆ ಒಡೆದ ಹಾಗೆ. ಅನಿಕೇತ ಎದ್ದು ನಿಂತು ಹ್ಯಾರಿಯೆಟ್‌ಳಿಗೇ, "ಕಾರ್ಯದರ್ಶಿ ನಾ ಆಗ್ತೀನ್ರಿ ಮೇಡಂ" ಅಂದುಬಿಟ್ಟ. ಶರಣ್ಯಾ ಬಾಯಿಗೆ ಕೈ ಇಟ್ಟುಕೊಂಡು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಪ್ರಾಚಿ ನೆಲದಿಂದ ಕಣ್ಣೆತ್ತಿದಳು.

"ಖಜಾಂಚಿ ನಾನು ಆಗ್ತೀನಿ. ನನಗೆ ಮೊದ್ಲಿಂದ ಆಸೆ ಇತ್ತು, ಯಾರೂ ಕೇಳ್ಲೇ ಇಲ್ಲ."

ಅವಳ ಬಾಯಿಂದ ಬಂದ ಮೊದಲ ಪೂರ್ತಿ ಕನ್ನಡ ಮಾತು. ಅದೂ ಒಂದು ದೂರು. ನಮ್ಮವಳೇ.

ಯಾಕೆ ಬೇಕು ಅಂತ ಒಂದು ನಿಮಿಷದಲ್ಲಿ ಹೇಳಿ ಅಂದಳು ಹ್ಯಾರಿಯೆಟ್. ನಲವತ್ತು ವರ್ಷಗಳಿಂದ ಈ ನಗರದ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೇನೆ, ಯಾರು ಎಲ್ಲಿ ತಪ್ಪಿದರು ಎಲ್ಲ ನೆನಪಿದೆ, ಅವರೆಲ್ಲರಿಗಿಂತ ಚೆನ್ನಾಗಿ ಮಾಡುತ್ತೇನೆ ಅಂದೆ. ನಿಮಿಷ ಬೇಕಾಗಲಿಲ್ಲ. ನಕ್ಕರು, ಆಮೇಲೆ ಕೈಗಳು ಮೇಲೆದ್ದವು. ಇರಾನಿನ ಹುಡುಗಿ ಎರಡೂ ಕೈ ಎತ್ತಿದ್ದಳು, ಒಂದನ್ನು ಇಳಿಸಲು ಹೇಳಬೇಕಾಯಿತು. ಎದುರು ಕೈಯೆತ್ತಿದವರು ಫ್ರೆಡ್ಡಿಯ ಕಡೆಯವರು ಮಾತ್ರ. ಸಂಘ ಉಳಿಯಿತು. ರೂಮು ಉಳಿಯಿತು.

ಹೊರಗೆ ಮೆಟ್ಟಿಲಲ್ಲಿ ಫ್ರೆಡ್ಡಿ ನಿಂತಿದ್ದ. ನಿಮ್ಮದು ಮುಗಿದ ಮೇಲೆ ಅದೇ ರೂಮಿನಲ್ಲಿ ನಾವು ಸೇರಬಹುದೇ ಅಂತ ಕೇಳಿದ. ಸೇರಿ, ಕುರ್ಚಿ ವಾಪಸು ಜೋಡಿಸಿಡಿ, ನಡುವಿನ ಅಕ್ಷರ ಯಾವುದು ಅಂತ ಕಲಿತುಕೊಂಡು ಬನ್ನಿ ಅಂದೆ.

ಸಭೆಯ ಅನುಕೂಲಕ್ಕಾಗಿ ನಾನು ಹಾಗೆ ಹೇಳಬೇಕಾಯಿತು. ಆ ನಿಯಮ ತಪ್ಪು ಅನ್ನುವ ನನ್ನ ಅಭಿಪ್ರಾಯ ಸ್ವಲ್ಪವೂ ಬದಲಾಗಿಲ್ಲ. ಎರಡನೆಯ ಪುಟವನ್ನು ಜೋಪಾನವಾಗಿ ಇಟ್ಟಿದ್ದೇನೆ.

ಮನೆಗೆ ಬಂದಾಗ ಇವರು ಒಲೆಯ ಮುಂದಿದ್ದರು. "ಚಹಾ?" ಅಂದರು. "ಹೂಂ. ಶುಂಠಿ ಹಾಕ್ರಿ, ದೊಡ್ಡ ಕಪ್ಪಿನ್ಯಾಗ ಕೊಡ್ರಿ" ಅಂದೆ. ಸುದ್ದಿ ಹೇಳುವ ಮೊದಲೇ ನಗತೊಡಗಿದರು. ನಗುತ್ತಲೇ ಶುಂಠಿ ಜಜ್ಜಿದರು.

19 ಮಾರ್ಚ್, ಗುರುವಾರ, ಯುಗಾದಿ

ಬೆಳಗ್ಗೆ ನೀರಜಾಳ ಫೋನು. ಸುದ್ದಿ ಅವಳ ತನಕ ಹೋಗಿದೆ. ಹಬ್ಬದ ಶುಭಾಶಯ ಹೇಳಿ, ಈ ದೀಪಾವಳಿಗೆ ನಾಟಕ ಮಾಡಿಸಿಕೊಡುತ್ತೀಯಾ ಅಂದಳು. ಮಾಡಿಸುತ್ತೇನೆ ಅಂದೆ. ಆ ಕಡೆ ಬಹಳ ಹೊತ್ತು ಮಾತೇ ಇಲ್ಲ. ಲೈನು ಹೋಯಿತೇನೋ ಅಂತ ಎರಡು ಸಲ ಹಲೋ ಅಂದೆ. ಅವಳಿಗೂ ವಯಸ್ಸಾಯಿತು, ಪಾಪ. ಪರದೆಗೆ ಈ ಸಲ ಅವಳ ಸೀರೆ ಅಂತ ಹೇಳಿಬಿಟ್ಟೆ.

ಸಂಜೆ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಇರಾನಿನ ಹುಡುಗಿ ಗೆಳತಿಯರೊಂದಿಗೆ ಬಂದಿದ್ದಳು. ನಾಳೆ ಅವರದೂ ಹೊಸ ವರ್ಷ. ಬೇವಿನ ಎಲೆಗೆ ಟೂಟಿಂಗಿನ ಅಂಗಡಿ ತನಕ ಹೋಗಿಬಂದ ಪ್ರಾಚಿ, ಬೆಲ್ಲದ ಜೊತೆ ಎಲ್ಲರ ಕೈಗೂ ಹಾಕುತ್ತ, "ತಗೊಳ್ಳಿ, ಕಹಿ ಇದೆ, ಆದ್ರೂ ತಗೊಳ್ಳಿ" ಅನ್ನುತ್ತಿದ್ದಳು. ಹ್ಯಾರಿಯೆಟ್ ಬಾಗಿಲಲ್ಲಿ ನಿಂತು ಮುಖ ಕಿವುಚಿಕೊಂಡು ನುಂಗಿದಳು. ಶರಣ್ಯಾ ಕೊನೆಯ ಸಲ ಅಧ್ಯಕ್ಷೆಯ ಕುರ್ಚಿಯಲ್ಲಿ ಕೂತು, ಎದ್ದು, ಅದನ್ನು ನನ್ನ ಕಡೆ ಸರಿಸಿದಳು. ಕೂತೆ. ಒಂದು ಕಾಲು ಗಿಡ್ಡ, ಅಲ್ಲಾಡುತ್ತದೆ. ನಾಳೆಯೇ ಯೂನಿಯನ್ನಿಗೆ ಬರೆಯಬೇಕು.

ಎಲ್ಲ ಮುಗಿದು ಮೇಜು ಒರೆಸುವಾಗ ಅನಿಕೇತ ಅವ್ವನ ಡಬ್ಬಿ ಎತ್ತಿಕೊಂಡ. ಅಲ್ಲಾಡಿಸಿದ, ಸದ್ದಿಲ್ಲ. ಮುಚ್ಚಳ ತೆಗೆದು ಒಳಗೆ ನೋಡಿದ, ಬೆಳಕಿಗೆ ಹಿಡಿದು ಮತ್ತೆ ನೋಡಿದ.

"ಕಡೀ ಚಕ್ಕಲಿ ಯಾರ್ ತಿಂದ್ರಿ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಬಾಯಲ್ಲಿ ಅದಿನ್ನೂ ಮುಗಿದಿರಲಿಲ್ಲ, ಮಾತಾಡುವ ಹಾಗಿರಲಿಲ್ಲ. ಕೈ ಎತ್ತಿದೆ.